ನೀರು ಇಳಿಯದವರ ಪರವಾಗಿ ಒಂದು ಸಹಿ

(ಕಾಗಾಲದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಗದ್ದೆ ಕೆಲಸ, ಮೀನಿನ ಬುಟ್ಟಿ, ಮನೆಯ ಒಲೆ ಎಲ್ಲವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ಇಷ್ಟು ಜನ ಬಂದಿದ್ದೀರಿ. ಇವತ್ತು ಉಳಿತಾಯ, ಸಾಲ, ಬಡ್ಡಿಯ ಮಾತಲ್ಲ. ಊರು ಮನೆ ಬಿಟ್ಟು ಓಡಿ ಬಂದವರ ಮಾತು. ಅವರಿಗೆ ನೆಲೆ ಕೊಡಿ ಅಂತ ನಮ್ಮ ಶಾಸಕರಿಗೆ, ಸಂಸದರಿಗೆ ನಾವು ಯಾಕೆ ಹೇಳಬೇಕು ಅನ್ನುವ ಮಾತು.

ಮೊದಲು ಒಂದು ಪ್ರಶ್ನೆ. 2019ರ ಆಗಸ್ಟ್ ತಿಂಗಳಲ್ಲಿ ಅಘನಾಶಿನಿ ಉಕ್ಕಿ ನಮ್ಮ ತಾಲೂಕಿನ ಹೊಳೆಯಂಚಿನ ಮನೆಗಳಿಗೆ ನೀರು ನುಗ್ಗಿತಲ್ಲ, ಆಗ ಮನೆ ಬಿಟ್ಟು ಹೊರಟವರು ಕೈಯಲ್ಲಿ ಏನು ಹಿಡಿದುಕೊಂಡು ಹೊರಟರು? ಆ ದಿನಗಳಲ್ಲಿ ಗಂಜಿ ಕೇಂದ್ರದಲ್ಲಿ ನಾವು ಇದನ್ನೇ ಕೇಳಿದ್ದೆವು. ಒಬ್ಬಾಕೆ ಸೆರಗಿನೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ತೋರಿಸಿದಳು. ಅದರಲ್ಲಿ ರೇಷನ್ ಕಾರ್ಡು, ಮಕ್ಕಳ ಶಾಲೆಯ ಕಾಗದ, ಸಂಘದ ಪಾಸ್‌ಬುಕ್ಕು ಇದ್ದವು. ಅಕ್ಕಿ ಪಾತ್ರೆ ಬಿಟ್ಟು ಬಂದಿದ್ದಳು. ಯಾಕಮ್ಮಾ ಅಂದರೆ, "ಅನ್ನ ಯಾರಾದ್ರೂ ಕೊಡ್ತಾರೆ ಸಿಸ್ಟರ್, ಕಾಗದ ಯಾರು ಕೊಡ್ತಾರೆ?" ಅಂದಳು.

ನಾವು ಸಮಾಜಕಾರ್ಯದ ಪುಸ್ತಕ ಬಹಳ ಓದಿದ್ದೇವೆ. ಆದರೆ ನಿರಾಶ್ರಿತರ ಕಷ್ಟವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದನ್ನು ಓದಿಲ್ಲ.

ನಮಗೆ ಕೆಲವು ದಿನಗಳಲ್ಲಿ ನೀರು ಇಳಿಯಿತು. ಕೆಸರು ತೊಳೆದೆವು, ಒಲೆ ಹಚ್ಚಿದೆವು. ನಿರಾಶ್ರಿತರು ಅಂದರೆ ನೀರು ಇಳಿಯದವರು. ಯುದ್ಧಕ್ಕೋ, ಜಾತಿ ಧರ್ಮದ ಹಿಂಸೆಗೋ ಹೆದರಿ ಗಡಿ ದಾಟಿದವರು. ವಾಪಸು ಹೋದರೆ ಜೀವಕ್ಕೆ ಅಪಾಯ. ಇದ್ದಲ್ಲಿ ಇರೋಣ ಅಂದರೆ ಕಾಗದ ಇಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಲೋಕದಲ್ಲಿ ಬಲವಂತವಾಗಿ ಮನೆ ಬಿಟ್ಟವರು 12 ಕೋಟಿ 32 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ ಇತ್ತು. ಅದರ ಎರಡು ಪಟ್ಟು ಜನ ಅಂತ ಲೆಕ್ಕ ಹಾಕಿರಿ. ಅವರಲ್ಲಿ ದೇಶದ ಗಡಿ ದಾಟಿದ ನಿರಾಶ್ರಿತರೇ 4 ಕೋಟಿ 27 ಲಕ್ಷ. ಹೆಚ್ಚಿನವರು ಇರೋದು ಶ್ರೀಮಂತ ದೇಶಗಳಲ್ಲಲ್ಲ, ನಮ್ಮಂಥ ಬಡ ಮತ್ತು ಮಧ್ಯಮ ದೇಶಗಳಲ್ಲಿ.

ಉತ್ತರ ಕೊಡಲಾಗದೆ ಬಂದ ದಿನ

ಒಂದು ಮಾತು ಮುಚ್ಚಿಡದೆ ಹೇಳುತ್ತೇವೆ. ಕೆಲವು ದಿನಗಳ ಹಿಂದೆ ಒಂದು ಸಂಘದಲ್ಲಿ ಈ ಮನವಿಗೆ ಸಹಿ ಕೇಳಿದೆವು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಸಹಿ ಹಾಕಲಿಲ್ಲ. ಒಬ್ಬ ಹಿರಿಯಕ್ಕ ಎದ್ದು ನಿಂತು ಕೇಳಿದರು: "ಸಿಸ್ಟರ್, ಸೀಬರ್ಡಿಗೆ ಮನೆ ಬಿಟ್ಟವರು ನಮ್ಮ ಜಿಲ್ಲೆಯವರೇ. ಅವರು ಎಷ್ಟು ವರ್ಷ ಅಲೆದರು? ಅಜ್ಜನ ಕಾಲದಿಂದ ಸಾಗುವಳಿ ಮಾಡಿದ ಬೆಟ್ಟದ ಜಾಗಕ್ಕೆ ನಮಗೇ ಪಟ್ಟಾ ಇಲ್ಲ. ಹೊರಗಿನವರಿಗೆ ಜಾಗ ಕೊಡಿ ಅಂತ ನಾವು ಯಾಕೆ ಹೇಳ್ಬೇಕು?"

ಆ ದಿನ ನಾವು ಸರಿಯಾದ ಉತ್ತರ ಕೊಡಲಿಲ್ಲ. ದಯೆ, ಪ್ರೀತಿ ಅಂತ ನಾಲ್ಕು ಮಾತು ಹೇಳಿ ಬಂದೆವು. ದಾರಿಯುದ್ದಕ್ಕೂ ಆ ಅಕ್ಕನ ಪ್ರಶ್ನೆಯೇ ಕಿವಿಯಲ್ಲಿತ್ತು. ಅವರು ಕಲ್ಲು ಮನಸ್ಸಿನವರಲ್ಲ. ನ್ಯಾಯದ ಪ್ರಶ್ನೆಯನ್ನೇ ಕೇಳಿದ್ದರು. ಆದ್ದರಿಂದ ಇವತ್ತಿನ ಮಾತು ಆ ಅಕ್ಕನಿಗೆ ಕೊಡಬೇಕಾಗಿದ್ದ ಉತ್ತರ.

ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಅಡಿಗಲ್ಲು ಇಟ್ಟರು. ಕಾರವಾರ ಮತ್ತು ಅಂಕೋಲಾ ತಾಲೂಕಿನ 13 ಹಳ್ಳಿಗಳ 4,779 ಕುಟುಂಬಗಳು ಮನೆ, ತೋಟ, ಕಡಲ ದಂಡೆ ಬಿಟ್ಟವು. ಹೆಚ್ಚಿನ ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಕೋರ್ಟು, ಕಚೇರಿ ಅಲೆದರು, ಧರಣಿ ಕೂತರು. ನಮ್ಮ ಜಿಲ್ಲೆಯ ಜನ, ನಮ್ಮ ಪತ್ರಿಕೆಗಳು ಅವರನ್ನು ಏನಂತ ಕರೆದವು? ಸೀಬರ್ಡ್ ನಿರಾಶ್ರಿತರು ಅಂತ. ಗಡಿ ದಾಟಿ ಬಂದವರಿಗೂ ಕನ್ನಡದಲ್ಲಿ ಅದೇ ಪದ. ಎರಡೂ ಕಡೆ ಕೇಳುವುದು ಒಂದನ್ನೇ: ಕಾಲೂರಲು ನೆಲ, ದುಡಿಯಲು ಕೆಲಸ, ಕೈಯಲ್ಲಿ ಕಾಗದ. ಇವರಿಗೆ ಕೊಟ್ಟರೆ ಅವರಿಗೆ ಇಲ್ಲ ಅನ್ನುವ ಲೆಕ್ಕ ನಮ್ಮದಲ್ಲ. ಇಬ್ಬರಿಗೂ ತಡಮಾಡಿದವರು ಹಾಕಿಕೊಟ್ಟ ಲೆಕ್ಕ ಅದು. ಆ ಅಕ್ಕ ಪಟ್ಟಾ ಕೇಳುವುದನ್ನು ಬಿಡಬಾರದು. ಅರಣ್ಯ ಹಕ್ಕು ಕಾಯಿದೆ 2006ರಲ್ಲಿ ಬಂದದ್ದೂ ಕೇಳಿದವರು ಇದ್ದುದರಿಂದಲೇ. ನಮ್ಮ ಕೋರಿಕೆ ಇಷ್ಟೇ: ಅದೇ ದನಿಯಲ್ಲಿ ಇನ್ನೊಬ್ಬಳಿಗಾಗಿಯೂ ಒಂದು ಮಾತು ಸೇರಿಸೋಣ.

ಈ ದಂಡೆ ಯಾರನ್ನು ಕಾಪಾಡಿತು?

ಹೊರಗಿನವರು ಅಂತೇವೆ. ನಮ್ಮ ದಂಡೆಯ ಕತೆ ನೋಡಿದರೆ ಒಳಗಿನವರು ಯಾರು ಅಂತ ಹೇಳುವುದೇ ಕಷ್ಟ. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಎಷ್ಟೋ ಕೊಂಕಣಿ ಕುಟುಂಬಗಳು ದಕ್ಷಿಣಕ್ಕೆ ಬಂದವು. ಹಿಂದೂಗಳೂ ಬಂದರು, ಕ್ರೈಸ್ತರೂ ಬಂದರು. ಕುಮಟಾ, ಹೊನ್ನಾವರದ ಪೇಟೆಗಳಲ್ಲಿ ಇವತ್ತು ಅವರ ಭಾಷೆ ಕೇಳಿದರೆ ಯಾರಿಗೂ ಪರದೇಶದ್ದು ಅನ್ನಿಸುವುದಿಲ್ಲ. ಗುಲಾಮರಾಗಿ ಆಫ್ರಿಕಾದಿಂದ ತಂದಿದ್ದ ಸಿದ್ದಿ ಜನ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡು ಸೇರಿದರು. ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಕಾಡು ಅವರಿಗೆ ಆಸರೆ ಕೊಟ್ಟಿತ್ತು ನಿಜ. ಆದರೆ ಮಕ್ಕಳ ವಿದ್ಯಾಭ್ಯಾಸ, ನೌಕರಿಯ ಬಾಗಿಲು ತೆರೆದದ್ದು ಶಾಸನದಿಂದ.

ಎಲ್ಲ ಧರ್ಮದವರೂ ಇಲ್ಲಿದ್ದೀರಿ. ರಾಮಾಯಣದಲ್ಲಿ ವಿಭೀಷಣ ಶರಣು ಬಂದಾಗ ವೈರಿಯ ತಮ್ಮ ಅಂತ ರಾಮ ಅವನನ್ನು ಹೊರಗಟ್ಟಲಿಲ್ಲ. ಪ್ರವಾದಿಯವರ ಅನುಯಾಯಿಗಳು ಮಕ್ಕಾದಲ್ಲಿ ಕಷ್ಟಕ್ಕೆ ಸಿಕ್ಕಾಗ ಅವರಿಗೆ ಆಶ್ರಯ ಕೊಟ್ಟದ್ದು ಅಬಿಸೀನಿಯಾದ ಕ್ರೈಸ್ತ ಅರಸ. ನಮ್ಮ ಸುವಾರ್ತೆಯಲ್ಲಿ ಜೋಸೆಫ್ ಮತ್ತು ಮರಿಯ ರಾತ್ರೋರಾತ್ರಿ ಕೂಸನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದರು. ನಾವು ಆರಾಧಿಸುವ ಯೇಸು ಬಾಲ್ಯದಲ್ಲಿ ನಿರಾಶ್ರಿತ. ಪೋಪ್ ಫ್ರಾನ್ಸಿಸರು 2013ರಲ್ಲಿ ಪೋಪ್ ಆದ ಮೇಲೆ ರೋಮಿನ ಹೊರಗೆ ಮೊದಲ ಅಧಿಕೃತ ಭೇಟಿ ಕೊಟ್ಟದ್ದು ಲಾಂಪೆಡೂಸಾ ದ್ವೀಪಕ್ಕೆ. ದೋಣಿ ಮುಳುಗಿ ಸತ್ತ ವಲಸಿಗರಿಗಾಗಿ ಅಲ್ಲಿ ಪ್ರಾರ್ಥಿಸಿದರು. 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ತನಕ ಈ ಮಾತನ್ನು ಅವರು ಬಿಡಲಿಲ್ಲ.

ಘಟ್ಟದ ಮೇಲೆ ನಮ್ಮ ಜಿಲ್ಲೆಯಲ್ಲೇ

ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ ಹೋದರೆ ಮುಂಡಗೋಡ. ಚಳಿಗಾಲದಲ್ಲಿ ಪೇಟೆಗಳಲ್ಲಿ ಸ್ವೆಟರ್ ಮಾರಲು ಕೂರುವ ಟಿಬೆಟಿನವರನ್ನು ನೀವು ನೋಡಿದ್ದೀರಿ. ಅವರು ಇಲ್ಲಿಗೆ ಹೇಗೆ ಬಂದರು ಅಂತ ಎಷ್ಟು ಜನ ಕೇಳಿದ್ದೇವೆ?

1959ರಲ್ಲಿ ದಲಾಯಿ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಹಿಮದ ನಾಡಿನ ಆ ಜನ ಬಯಲಿನ ಸೆಕೆಗೆ, ರೋಗಕ್ಕೆ ಸಿಕ್ಕಿ ಶಿಬಿರಗಳಲ್ಲಿ ಸಾಯತೊಡಗಿದ್ದರು. ಗಂಜಿ ಹಾಕಿದರೆ ಸಾಲದು, ನೆಲ ಬೇಕು ಅಂತ ಪ್ರಧಾನಿ ನೆಹರೂ ರಾಜ್ಯ ಸರಕಾರಗಳನ್ನು ಕೇಳಿದರು. ನೆಲ ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ನಮ್ಮ ಮೈಸೂರು ರಾಜ್ಯ ಮುಖ್ಯವಾದದ್ದು. 1960ರಲ್ಲಿ ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ನಮ್ಮ ಮುಂಡಗೋಡದಲ್ಲಿ ಸುಮಾರು 4,000 ಎಕರೆ ಕಾಡುಭೂಮಿ ಸಿಕ್ಕಿತು. ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಯೂ ವಸತಿಗಳಾದವು.

ಆಗ ನಮ್ಮ ರಾಜ್ಯ ಶ್ರೀಮಂತವಾಗಿರಲಿಲ್ಲ. 1965, 66 ಅಂದರೆ ದೇಶದಲ್ಲಿ ಬರಗಾಲ, ರೇಷನ್ ಅಂಗಡಿ ಮುಂದೆ ಸಾಲು. ಅಂಥ ಹೊತ್ತಿನಲ್ಲಿ ಕೊಟ್ಟದ್ದು. ಜನರೂ ಕೂತು ತಿನ್ನಲಿಲ್ಲ. ಕಾಡು ಕಡಿದರು, ಡೇರೆಯಲ್ಲಿ ಮಲಗಿದರು, ಬಾರ್ಲಿ ಬೆಳೆದು ಗೊತ್ತಿದ್ದವರು ಗೋವಿನಜೋಳ, ಭತ್ತ ಬೆಳೆಯಲು ಕಲಿತರು. ಸಹಕಾರಿ ಸಂಘ ಕಟ್ಟಿದರು. ಶಾಲೆ, ಆಸ್ಪತ್ರೆ ಬಂದವು. ಡ್ರೆಪುಂಗ್, ಗಾಂದೆನ್ ಎಂಬ ದೊಡ್ಡ ಮಠಗಳು ಅಲ್ಲಿ ಮತ್ತೆ ಎದ್ದು ನಿಂತವು. 2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ದೊಡ್ಡ ಸಭೆ ಮಾಡಿ ಟಿಬೆಟಿಯನ್ನರು ಕರ್ನಾಟಕಕ್ಕೆ ಧನ್ಯವಾದ ಹೇಳಿದರು. ದಲಾಯಿ ಲಾಮಾ ಅವರೇ ಬಂದಿದ್ದರು.

ನಮ್ಮ ಸಂಘಗಳ ಬೇರು ಎಲ್ಲಿದೆ?

ಈಗ ಹೇಳುವುದನ್ನು ಗಮನ ಕೊಟ್ಟು ಕೇಳಿ. ಟಿಬೆಟಿನವರ ಪುನರ್ವಸತಿಗೆ ಸರಕಾರಕ್ಕೆ ಸಹಾಯ ಮಾಡಲೆಂದು 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದೇ ಮೈರಾಡ. ಅದರ ಪೂರ್ಣ ಹೆಸರಿನಲ್ಲೇ ಮೈಸೂರು ಮತ್ತು ಪುನರ್ವಸತಿ ಎರಡೂ ಸೇರಿವೆ. ಆ ಕೆಲಸ ಮುಗಿಯುತ್ತ ಬಂದಂತೆ ಮೈರಾಡ ನಮ್ಮ ಹಳ್ಳಿಗಳ ಬಡವರ ಕಡೆಗೆ ತಿರುಗಿತು. 1984, 85ರ ಹೊತ್ತಿಗೆ ಕೆಲವು ದೊಡ್ಡ ಸಹಕಾರಿ ಸಂಘಗಳು ಒಡೆದವು. ಸದಸ್ಯರು ಬಂದು, ಸಾಲದ ಹಣವನ್ನು ಆ ಸಂಘಕ್ಕೆ ಕೊಡೋದಿಲ್ಲ, ನಿಮಗೇ ಕೊಡ್ತೇವೆ ಅಂದರು. ಮೈರಾಡದವರು, ನಮಗೆ ಬೇಡ, ನಿಮ್ಮೊಳಗೆ ನಂಬಿಕೆ ಇರುವವರು ಸೇರಿ ನಿಮ್ಮಲ್ಲೇ ಇಟ್ಟುಕೊಳ್ಳಿ ಅಂದರು. ಹೀಗೆ ಚಿಕ್ಕ ಚಿಕ್ಕ ಗುಂಪುಗಳಾದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ದೇಶದಲ್ಲಿ ಶುರುವಾಯಿತು. 2000ದಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಬಂತು.

ಅಂದರೆ ಅಡಮಾನ ಇಲ್ಲದೆ ನಮಗೆ ಇವತ್ತು ಬ್ಯಾಂಕು ಸಾಲ ಕೊಡುತ್ತದಲ್ಲ, ಆ ದಾರಿ ತೋರಿಸಿದ ಸಂಸ್ಥೆ ಹುಟ್ಟಿದ್ದೇ ನಿರಾಶ್ರಿತರ ಸೇವೆಗೆ. ಅವರಿಗೆ ಕೊಟ್ಟದ್ದು ನಮ್ಮಿಂದ ಕಿತ್ತುಕೊಂಡದ್ದಾಗಲಿಲ್ಲ. ಸುತ್ತಿ ಬಳಸಿ ನಮ್ಮ ನಡಾವಳಿ ಪುಸ್ತಕದ ಒಳಗೇ ಬಂದು ಕೂತಿದೆ.

ಕಂಬಳಿ ಬೇರೆ, ಕಾಗದ ಬೇರೆ

ಹಾಗಾದರೆ ಸಿಸ್ಟರ್‌ಗಳೇ ಸೇವೆ ಮಾಡಬಹುದಲ್ಲ, ಶಾಸಕರಿಗೆ ಯಾಕೆ ಹೇಳಬೇಕು ಅಂತ ಕೇಳಬಹುದು. ಕಂಬಳಿ ನಾವು ಕೊಡಬಹುದು, ಔಷಧ ಕೊಡಬಹುದು. ಜಮೀನು, ಗುರುತಿನ ಕಾಗದ ಕೊಡುವುದು ನಮ್ಮ ಕೈಯಲ್ಲಿಲ್ಲ. ಅದು ಕಾಯಿದೆ ಮಾಡುವವರ ಕೈಯಲ್ಲಿದೆ. ನಮ್ಮ ಸಂವಿಧಾನದಲ್ಲಿ ಪೌರತ್ವ, ವಿದೇಶಿಯರ ವಿಷಯ ಕೇಂದ್ರದ್ದು. ಭೂಮಿ ರಾಜ್ಯದ್ದು. ಆದ್ದರಿಂದ ಸಂಸದರೂ ಬೇಕು, ಶಾಸಕರೂ ಬೇಕು. ಒಬ್ಬರಿದ್ದು ಒಬ್ಬರಿಲ್ಲದಿದ್ದರೆ ಗಾಡಿ ಮುಂದೆ ಹೋಗುವುದಿಲ್ಲ.

ಒಂದು ಸಹಿ ಬಾಗಿಲು ತೆರೆಯುತ್ತದೆ, ಒಂದು ಸಹಿ ಮುಚ್ಚುತ್ತದೆ. ನಿರಾಶ್ರಿತರನ್ನು ಕರೆಸಿ ನೆಲೆಗೊಳಿಸುತ್ತಿದ್ದ ಅಮೆರಿಕ 2025ರ ಜನವರಿಯಲ್ಲಿ ಆ ಕಾರ್ಯಕ್ರಮವನ್ನು ತಡೆಹಿಡಿಯಿತು. ದಶಕಗಳಿಂದ ಅದರಲ್ಲಿ ಕೈಜೋಡಿಸಿದ್ದ ಅಲ್ಲಿಯ ಕ್ಯಾಥೊಲಿಕ್ ಬಿಷಪರ ಮಂಡಳಿಯೂ ಸರಕಾರದ ಜೊತೆಗಿನ ಒಪ್ಪಂದವನ್ನು ಮುಂದುವರಿಸಲಾಗದೆ ನಿಲ್ಲಿಸಬೇಕಾಯಿತು. ಸೇವೆ ಮಾಡುವ ಮನಸ್ಸು ಇದ್ದರೂ ಶಾಸನದ ಬಲ ಇಲ್ಲದಿದ್ದರೆ ಹೀಗಾಗುತ್ತದೆ.

ನಮ್ಮ ದೇಶ ಎಷ್ಟೋ ಜನರಿಗೆ ಆಶ್ರಯ ಕೊಟ್ಟಿದೆ. ಇದು ಹೆಮ್ಮೆಯ ಮಾತು. ಆದರೆ ನಿರಾಶ್ರಿತರಿಗೆ ಅಂತಲೇ ಒಂದು ಕಾಯಿದೆ ನಮ್ಮಲ್ಲಿಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. 2015ರಲ್ಲಿ ಸಂಸದ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದರು. ಅದು ಕಾಯಿದೆ ಆಗಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆ ಮೂರು ದೇಶಗಳ ಆರು ಧರ್ಮದವರಿಗೆ ಮಾತ್ರ. ಟಿಬೆಟಿನವರು, ಶ್ರೀಲಂಕಾದ ತಮಿಳರು, ಮ್ಯಾನ್ಮಾರಿನವರು ಅದರಲ್ಲಿಲ್ಲ. 2025ರಲ್ಲಿ ವಲಸೆ ಮತ್ತು ವಿದೇಶಿಯರ ಬಗ್ಗೆ ಹೊಸ ಕಾಯಿದೆ ಬಂತು. ಅದರಲ್ಲೂ ನಿರಾಶ್ರಿತರು ಅಂದರೆ ಯಾರು ಅಂತ ಬರೆದಿಲ್ಲ.

ಕಾಯಿದೆ ಅಂದರೆ ನಮ್ಮ ಗಜನಿಯ ಕಟ್ಟೆ ಇದ್ದ ಹಾಗೆ. ಕಟ್ಟೆ ಗಟ್ಟಿ ಇದ್ದರೆ ಕಗ್ಗ ಬೆಳೆಯಬಹುದು. ಇಲ್ಲದಿದ್ದರೆ ಪ್ರತಿ ಉಬ್ಬರಕ್ಕೂ ಎದೆ ಹೊಡೆದುಕೊಳ್ಳಬೇಕು. ಆದೇಶದ ಮೇಲೆ ಬದುಕುವವರ ಪಾಡು ಅದೇ. ಇವತ್ತಿನ ಆದೇಶ ನಾಳೆ ಬದಲಾಗಬಹುದು. ಬಾಂಗ್ಲಾದೇಶ ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ ಬಂದ ಬಂಗಾಳಿ ಕುಟುಂಬಗಳು ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿವೆ. ಗದ್ದೆ ಮಾಡಿದರು, ಕನ್ನಡ ಕಲಿತರು. ಆ ಕ್ಯಾಂಪುಗಳ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಲ್ಲಿ. ಮುಂಡಗೋಡದಲ್ಲೂ ಅಷ್ಟೇ. ಜಮೀನು ಅವರ ಹೆಸರಿನಲ್ಲಿಲ್ಲ, ನೋಂದಣಿ ಪತ್ರವನ್ನು ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಕಾಯಿದೆ ಇದ್ದರೂ, ಅದನ್ನು ಒಪ್ಪಿಸಲು ಕೋರ್ಟಿಗೆ ಹೋಗಬೇಕಾಯಿತು. 2013ರಲ್ಲಿ ನಮ್ಮ ಹೈಕೋರ್ಟು ಆ ಹಕ್ಕನ್ನು ಎತ್ತಿಹಿಡಿಯಿತು. 2014ರಲ್ಲಿ ಕೇಂದ್ರ ಸರಕಾರ ಟಿಬೆಟಿಯನ್ ಪುನರ್ವಸತಿ ನೀತಿ ತಂದು, ಗುತ್ತಿಗೆ ಪತ್ರ ಕೊಡಿ, ಸರಕಾರದ ಯೋಜನೆಗಳ ಲಾಭ ಕೊಡಿ ಅಂತ ರಾಜ್ಯಗಳಿಗೆ ಹೇಳಿತು. ನೀತಿ ಕಾಗದದಲ್ಲಿದ್ದರೆ ಸಾಲದು, ನಡೆಯುತ್ತಿದೆಯೇ ಅಂತ ಕೇಳುವವರು ಬೇಕು.

ಭಯದ ಮಾತು

ಅವರು ನಮ್ಮ ಕೂಲಿ ಕಿತ್ತುಕೊಳ್ಳುತ್ತಾರೆ ಅನ್ನುವ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಯೋಚಿಸಿ. ಕಾಗದ ಇಲ್ಲದವಳು ಅರ್ಧ ಕೂಲಿಗೂ ದುಡಿಯುತ್ತಾಳೆ, ಯಾಕೆಂದರೆ ಅವಳು ದೂರು ಕೊಡಲಾರಳು. ಆಗ ಬೀಳುವುದು ನಮ್ಮ ಕೂಲಿಯೇ. ಕಾಗದ ಇದ್ದವಳು ಪೂರಾ ಕೂಲಿ ಕೇಳುತ್ತಾಳೆ. ಅವಳ ಕಾಗದ ನಮ್ಮ ಕೂಲಿಗೂ ಕಾವಲು. ಭದ್ರತೆಯ ವಿಷಯವೂ ಹೀಗೇ. ಹೆಸರು ಬರೆಸಿ, ವಿಚಾರಣೆ ಆಗಿ ನೆಲೆಸಿದವರು ಯಾರು ಅಂತ ಸರಕಾರಕ್ಕೆ ಗೊತ್ತಿರುತ್ತದೆ. ಅಡಗಿ ಬದುಕುವವರ ಲೆಕ್ಕ ಯಾರಿಗೂ ಸಿಗುವುದಿಲ್ಲ. ಎಲ್ಲರನ್ನೂ ಕಣ್ಣು ಮುಚ್ಚಿ ಬಿಟ್ಟುಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ವಿಚಾರಿಸಿ, ಕಾಯಿದೆಯಂತೆ ನಿರ್ಧರಿಸಿ, ಸಾವಿನ ಬಾಯಿಗೆ ಮಾತ್ರ ವಾಪಸು ದೂಡಬೇಡಿ ಅನ್ನುತ್ತೇವೆ.

ಸಾಮಾನ್ಯ ಜನ ಹೇಳಿದರೆ ಯಾರು ಕೇಳುತ್ತಾರೆ ಅಂತೀರಾ? ಮಿಜೋರಾಮ್ ನೋಡಿ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಚಿನ್ ಜನ ಗಡಿ ದಾಟಿ ಬಂದರು. ಬರುವವರನ್ನು ತಡೆಯಿರಿ ಅಂತ ಕೇಂದ್ರ ಸರಕಾರ ಹೇಳಿತು. ಮಿಜೋ ಹಳ್ಳಿಗಳ ಜನ, ಚರ್ಚುಗಳು, ಯುವಕ ಸಂಘಗಳು ಮಾತ್ರ ಅಕ್ಕಿ ಕೂಡಿಸಿದರು, ಬಿದಿರಿನ ಮನೆ ಕಟ್ಟಿಕೊಟ್ಟರು. ಜನರ ಮನಸ್ಸು ನೋಡಿ ಮುಖ್ಯಮಂತ್ರಿ ಜೊರಾಮ್‌ತಂಗಾ ಅದೇ ಮಾರ್ಚ್ ತಿಂಗಳಲ್ಲಿ ಪ್ರಧಾನಿಗೆ ಪತ್ರ ಬರೆದು, ಇವರಿಗೆ ಆಶ್ರಯ ಕೊಡಬೇಕು ಅಂತ ಕೇಳಿದರು. ಮುಂದೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಉಳಿದರು. ಮೊದಲು ಹಳ್ಳಿ ಎದ್ದಿತು, ಆಮೇಲೆ ನಾಯಕರು ಎದ್ದರು. ಅದು ಚಿಕ್ಕ ರಾಜ್ಯ, ನಮ್ಮಷ್ಟು ಅನುಕೂಲವೂ ಇಲ್ಲ.

ನಾವು ಮಾಡಬೇಕಾದದ್ದು

ವಾರದ ಸಭೆಯಲ್ಲಿ ಈ ವಿಷಯ ಇಡಿ. ಒಪ್ಪದವರ ಮಾತನ್ನೂ ಪೂರಾ ಕೇಳಿ, ಒತ್ತಾಯ ಬೇಡ. ಒಪ್ಪಿಗೆಯಾದರೆ ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ. ಸಹಿ ಬರುವವರು ಸಹಿ ಮಾಡಲಿ, ಬಾರದವರು ಹೆಬ್ಬೆಟ್ಟು ಒತ್ತಲಿ. ಒಕ್ಕೂಟದಿಂದ ಎರಡು ಪ್ರತಿ ಮಾಡಿ ಒಂದನ್ನು ಸಂಸದರಿಗೆ, ಒಂದನ್ನು ಶಾಸಕರಿಗೆ ಕೈಯಾರೆ ಕೊಡೋಣ. ಸ್ವೀಕೃತಿ ಪಡೆಯಲು ಮರೆಯಬಾರದು. ಎರಡು ತಿಂಗಳು ಬಿಟ್ಟು ಮತ್ತೆ ಹೋಗಿ ಕೇಳೋಣ. ಸಾಲದ ಕಂತು ನಾವು ಹೀಗೇ ಬಿಡದೆ ಕೇಳುತ್ತೇವಲ್ಲ!

ಮನವಿಯಲ್ಲಿ ಇಷ್ಟು ಬರೆದರೆ ಸಾಕು:

"ಮಾನ್ಯರೇ, ನಾವು ಕಾಗಾಲ ಮತ್ತು ಸುತ್ತಲಿನ ಸ್ವಸಹಾಯ ಸಂಘಗಳ ಮಹಿಳೆಯರು. ಜೀವಭಯದಿಂದ ನಮ್ಮ ದೇಶಕ್ಕೆ ಬಂದವರನ್ನು ಧರ್ಮ, ಭಾಷೆ ನೋಡದೆ ವಿಚಾರಿಸಿ ಆಶ್ರಯ ಕೊಡುವ ಒಂದು ಕಾಯಿದೆಗೆ ಸಂಸತ್ತಿನಲ್ಲಿ ತಾವು ಬೆಂಬಲ ಕೊಡಬೇಕು. 2014ರ ಟಿಬೆಟಿಯನ್ ಪುನರ್ವಸತಿ ನೀತಿ ಮುಂಡಗೋಡದಲ್ಲಿ ಪೂರ್ತಿ ಜಾರಿಯಾಗಿದೆಯೇ ಎಂದು ವಿಧಾನಸಭೆಯಲ್ಲಿ ಕೇಳಬೇಕು. ಯೋಜನೆಗಳಿಗಾಗಿ ಮನೆ ಬಿಟ್ಟ ನಮ್ಮ ಜಿಲ್ಲೆಯವರ, ಅರಣ್ಯಭೂಮಿ ಸಾಗುವಳಿದಾರರ ಬಾಕಿ ಅರ್ಜಿಗಳನ್ನೂ ಇದರ ಜೊತೆಗೆ ಇತ್ಯರ್ಥ ಮಾಡಿಸಬೇಕು. ನೆಲೆ ಕಳೆದುಕೊಂಡ ಎಲ್ಲರಿಗೂ ನೆಲ, ಕೆಲಸ, ಕಾಗದ ಸಿಗಬೇಕೆಂಬುದು ನಮ್ಮ ಕೋರಿಕೆ."

ಮೂರನೆಯ ಮಾತನ್ನು ಸೇರಿಸಿದ್ದು ಆ ಹಿರಿಯಕ್ಕನಿಂದಾಗಿ. ಅವರು ಪ್ರಶ್ನೆ ಕೇಳದಿದ್ದರೆ ನಮ್ಮ ಮನವಿ ಅರ್ಧವೇ ಆಗುತ್ತಿತ್ತು. ಈ ಕಾಗದ ಹಿಡಿದುಕೊಂಡು ಮೊದಲು ಅವರ ಮನೆಗೇ ಹೋಗುತ್ತೇವೆ. ಅವರು ಸಹಿ ಹಾಕುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಆದರೆ ಈ ಸಲ ಉತ್ತರ ಇಲ್ಲದೆ ಬರುವುದಿಲ್ಲ.

ಮುಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ನಾವು ಮತ್ತೆ ಪ್ಲಾಸ್ಟಿಕ್ ಚೀಲ ಸೆರಗಿನೊಳಗೆ ಸಿಕ್ಕಿಸಿಕೊಂಡು ಓಡುತ್ತೇವೆ. ಆಗ ಚೀಲವೇ ಇಲ್ಲದವಳನ್ನು ಒಂದು ಗಳಿಗೆ ನೆನೆಯಿರಿ. ದೇವರು ನಮ್ಮ ಮನೆಗಳನ್ನು ಕಾಪಾಡಲಿ, ಮನೆ ಇಲ್ಲದವರ ಪರವಾಗಿ ಮಾತಾಡುವ ಧೈರ್ಯವನ್ನೂ ಕೊಡಲಿ.



ಸಂಘದಲ್ಲಿ ಚರ್ಚಿಸಲು:
1. ನಮ್ಮ ಮನೆತನದಲ್ಲಿ ಬೇರೆ ಊರಿಂದ ಬಂದು ನೆಲೆಸಿದವರು ಯಾರು? ಅವರಿಗೆ ಆಗ ಯಾರು ಜಾಗ ಕೊಟ್ಟರು?
2. ಗುರುತಿನ ಕಾಗದ ಒಂದೂ ಇಲ್ಲದಿದ್ದರೆ ಈ ವಾರ ನಮ್ಮ ಯಾವ ಯಾವ ಕೆಲಸ ನಿಲ್ಲುತ್ತಿತ್ತು?
3. ಮನವಿಗೆ ಒಪ್ಪದ ಸದಸ್ಯೆಯ ಭಯ ಏನು? ಅದಕ್ಕೆ ನಮ್ಮ ಉತ್ತರ ಏನು?